ಅಪ್‌ಡೇಟ್: ಅಂಡಮಾನ್ ಹಡಗಿನಲ್ಲಿ ಗೆಳತಿಗೆ ವಾಂತಿ ಬಂತಾ?

ಹೊರಡುವ ಮುಂಚೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ: ಮಡಿಕೇರಿ ಬಸ್ಸಿನಲ್ಲೇ ವಾಂತಿ ಮಾಡುವ ಗೆಳತಿಯನ್ನು ದ್ವೀಪದಿಂದ ದ್ವೀಪಕ್ಕೆ ಹೇಗೆ ಕರೆದುಕೊಂಡು ಹೋಗಲಿ ಅಂತ. ಬೆಂಗಳೂರಿಗೆ ವಾಪಸ್ ಬಂದಾಯ್ತು.

ಶುಂಠಿ, ನಿಂಬೆಹಣ್ಣು ಮೂಸೋದು ಎರಡೂ ಕೆಲಸ ಮಾಡಲಿಲ್ಲ. ಪೋರ್ಟ್ ಬ್ಲೇರ್‌ನಿಂದ (ಈಗಿನ ಹೆಸರು ಶ್ರೀ ವಿಜಯ ಪುರಂ) ಹ್ಯಾವ್‌ಲಾಕ್ ದ್ವೀಪಕ್ಕೆ (ಈಗ ಸ್ವರಾಜ್ ದ್ವೀಪ) ಹೋಗುವಾಗ ಪಾಪ, ಕವರ್ ಹಿಡಿದುಕೊಂಡೇ ಕೂತಿದ್ದಳು. ಎಸಿ ಹಡಗು, ಕಿಟಕಿ ತೆರೆಯೋ ಹಾಗಿಲ್ಲ. ಮುಂದಿನ ಸಲ ನಿಮ್ಮಲ್ಲೊಬ್ಬರು ಹೇಳಿದ ಹಾಗೆ ಮಾಡಿದೆವು. ಡಾಕ್ಟರನ್ನು ಕೇಳಿ, ಹತ್ತುವ ಮುಂಚೆಯೇ ಮಾತ್ರೆ. ಸರ್ಕಾರಿ ಹಡಗಿನ ತೆರೆದ ಡೆಕ್ಕಿನಲ್ಲಿ ನಿಂತು, ದೂರದಲ್ಲಿ ನೀರು ಆಕಾಶ ಸೇರುವ ಕಡೆ ನೋಡೋದು. ವಾಂತಿ ಇಲ್ಲ! ಮಾತ್ರೆಯಿಂದ ನಿದ್ದೆ ಮಾತ್ರ ಜಾಸ್ತಿ, ಆಮೇಲೆ ಕುಂಭಕರ್ಣನ ತರ ಮಲಗಿದಳು.

ಬ್ಯಾಗಿನ ಒಳಗೆ ದೊಡ್ಡ ಕಸದ ಕವರ್ ಹಾಕಿ ಅಂದವರಿಗೂ ಥ್ಯಾಂಕ್ಸ್. ಮಳೆಯಲ್ಲಿ ರೇನ್ ಕವರ್ ಸುಮ್ನೆ ಹೆಸರಿಗೆ ಅಷ್ಟೇ.

ಗಾಳಿ ಜೋರಾಗಿ ನೀಲ್ ದ್ವೀಪದಲ್ಲಿ (ಈಗ ಶಹೀದ್ ದ್ವೀಪ) ಹಡಗು ರದ್ದಾಯಿತು. ಬೈದುಕೊಂಡೇ ಅಲ್ಲಿನ ನೈಸರ್ಗಿಕ ಕಲ್ಲಿನ ಸೇತುವೆ ನೋಡಲು ಹೋದೆವು. ಸಮುದ್ರದ ಇಳಿತದ ಹೊತ್ತು, ಹೊಂಡಗಳಲ್ಲಿ ಮೀನು, ಏಡಿ, ಸಮುದ್ರ ಸೌತೆ (ಸೌತೆಕಾಯಿ ತರ ಕಾಣೋ ಪ್ರಾಣಿ). ಇಡೀ ಟ್ರಿಪ್ಪಿನಲ್ಲಿ ಅದೇ ಬೆಸ್ಟ್. ಇಳಿತದ ಸಮಯ ಕೇಳಿಕೊಂಡೇ ಹೋಗಿ.

ಗೊತ್ತಿಲ್ಲದ ವಿಷಯ ಒಂದು: ಅಂಡಮಾನ್‌ನಲ್ಲೂ ಗಡಿಯಾರದ ಸಮಯ ನಮ್ಮದೇ, ಆದರೆ ಜಾಗ ತುಂಬಾ ಪೂರ್ವಕ್ಕಿದೆ ಅಲ್ವಾ, ಚಳಿಗಾಲದಲ್ಲಿ 5 ಗಂಟೆ ಸುಮಾರಿಗೆ ಸೂರ್ಯ ಮುಳುಗಿಬಿಡುತ್ತಾನೆ. ಹ್ಯಾವ್‌ಲಾಕ್‌ನ ರಾಧಾನಗರ ಬೀಚಿಗೆ 3ಕ್ಕೇ ಹೊರಡಿ. ಹವಳದ ಚೂರು ತರಬೇಡಿ, ಸತ್ತದ್ದಾದರೂ ಕಾನೂನು ಬಿಡಲ್ಲ.