ಬೂಟ್ ಆಗುವಾಗ ‘ಲಾಸ್ಟ್ ಮೌಂಟ್ ಟೈಮ್ ಈಸ್ ಇನ್ ದ ಫ್ಯೂಚರ್’ ಅಂತ ನಿಲ್ಲುತ್ತೆ, ಡಿಸ್ಕ್ ಹೋಯ್ತಾ?

ಪ್ರಶ್ನೆ (ಹೈಸ್ಕೂಲ್ ಶಿಕ್ಷಕಿ): ನಮ್ಮ ಲ್ಯಾಬಿನಲ್ಲಿ ಹಳೇ ಉಬುಂಟು (ಲಿನಕ್ಸ್) ಇರೋ 8 ಕಂಪ್ಯೂಟರ್ ಇವೆ. ರಾತ್ರಿ ಕರೆಂಟ್ ಹೋದ್ರೆ ಬೆಳಗ್ಗೆ 3 ಮಷೀನ್ ಅರ್ಧಕ್ಕೇ ನಿಲ್ಲುತ್ತವೆ. ಕಪ್ಪು ಪರದೆ ಮೇಲೆ ‘ಸೂಪರ್‌ಬ್ಲಾಕ್ ಲಾಸ್ಟ್ ಮೌಂಟ್ ಟೈಮ್ ಈಸ್ ಇನ್ ದ ಫ್ಯೂಚರ್’, ಅದರ ಕೆಳಗೆ ‘ರನ್ ಎಫ್‌ಎಸ್‌ಸಿಕೆ ಮ್ಯಾನ್ಯುಯಲಿ’ ಅಂತ ಬರುತ್ತೆ. ರಿಪೇರಿಯವರು ಹಾರ್ಡ್ ಡಿಸ್ಕ್ ಬದಲಿಸಿ ಅಂದರು. ಮಕ್ಕಳ ಪ್ರಾಜೆಕ್ಟೆಲ್ಲ ಅದರಲ್ಲೇ ಇದೆ, ಭಯ ಆಗ್ತಿದೆ.

ಉತ್ತರ (ಲಿನಕ್ಸ್ ಸರ್ವರ್ ನಿರ್ವಾಹಕ): ಮೇಡಂ, ಡಿಸ್ಕ್ ಬದಲಿಸಬೇಡಿ. ಅದೇ ಸಾಲಿನಲ್ಲಿ ಕಂಸದೊಳಗೆ ‘ನೌ =’ ಅಂತ ಒಂದು ತಾರೀಖು ಇರುತ್ತೆ, ನೋಡಿ. ಅದು ಎಷ್ಟೋ ವರ್ಷ ಹಿಂದಿನದಾಗಿದ್ದರೆ ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಸೋ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಬಹುಮಟ್ಟಿಗೆ ಸತ್ತಿದೆ ಅಂತ ಅರ್ಥ.

ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡೋ ವ್ಯವಸ್ಥೆಯಾದ ಎಕ್ಸ್ಟ್4, ತನ್ನನ್ನು ಕೊನೆಯ ಸಲ ಯಾವಾಗ ಮೌಂಟ್ ಮಾಡಿದರು (ಬಳಕೆಗೆ ಜೋಡಿಸಿದರು) ಅನ್ನೋದನ್ನ ಸೂಪರ್‌ಬ್ಲಾಕಿನಲ್ಲಿ, ಅಂದರೆ ತನ್ನ ಮುಖ್ಯ ಮಾಹಿತಿಯ ಜಾಗದಲ್ಲಿ, ಬರೆದಿಟ್ಟುಕೊಳ್ಳುತ್ತೆ. ಬೂಟ್ ಹೊತ್ತಿಗೆ ಇ2ಎಫ್‌ಎಸ್‌ಸಿಕೆ (ಎಫ್‌ಎಸ್‌ಸಿಕೆ ಅನ್ನೋ ತಪಾಸಣೆ ಪ್ರೋಗ್ರಾಮಿನ ಎಕ್ಸ್ಟ್4 ರೂಪ) ಆ ಹೊತ್ತನ್ನ ಈಗಿನ ಗಡಿಯಾರದ ಜೊತೆ ಹೋಲಿಸುತ್ತೆ. ಗಡಿಯಾರ ಹಿಂದಕ್ಕೆ ಬಿದ್ದಿದ್ದರೆ ನಿನ್ನೆಯ ಮೌಂಟ್ ಅದಕ್ಕೆ ನಾಳೆಯದಾಗಿ ಕಾಣುತ್ತೆ. ಅಂದರೆ ತಪ್ಪು ಗಡಿಯಾರದ್ದು, ದೂರು ಡಿಸ್ಕಿನ ಮೇಲೆ. ಈ ತಪಾಸಣೆ ಅತಿ ಬಿಗಿ ಅಂತ ಮುಂದೆ 24 ಗಂಟೆವರೆಗಿನ ವ್ಯತ್ಯಾಸಕ್ಕೆ ವಿನಾಯಿತಿ ಕೊಟ್ಟರು. ವಿಂಡೋಸ್ ಜೊತೆಗಿರೋ ಮಷೀನುಗಳಲ್ಲಿ ಭಾರತದ ಸಮಯಕ್ಕೂ ಅಂತಾರಾಷ್ಟ್ರೀಯ ಸಮಯಕ್ಕೂ ಇರೋ ಐದೂವರೆ ಗಂಟೆಯ ಗೊಂದಲ ಅದರೊಳಗೇ ಮುಗಿಯುತ್ತೆ. ನಿಮ್ಮದು ವರ್ಷಗಳ ವ್ಯತ್ಯಾಸ, ಆ ವಿನಾಯಿತಿ ಸಾಲಲ್ಲ.

ಎಫ್‌ಎಸ್‌ಸಿಕೆ ಓಡಿಸಿದಾಗ ಆ ಒಂದೇ ದೂರಿದ್ದರೆ, ಸರಿಪಡಿಸಲಾ ಅಂತ ಕೇಳಿದಾಗ ಧೈರ್ಯವಾಗಿ ‘ವೈ’ ಒತ್ತಿ. ಸೂಪರ್‌ಬ್ಲಾಕಿನ ತಾರೀಖು ಮಾತ್ರ ತಿದ್ದುತ್ತೆ, ಫೈಲ್‌ಗಳನ್ನು ಮುಟ್ಟಲ್ಲ. ಐನೋಡ್ (ಒಂದೊಂದು ಫೈಲಿನ ವಿವರದ ದಾಖಲೆ), ಬಿಟ್‌ಮ್ಯಾಪ್ (ಡಿಸ್ಕಿನ ಯಾವ ಜಾಗ ಬಳಕೆಯಲ್ಲಿದೆ ಅನ್ನೋ ನಕ್ಷೆ) ಅಂತ ಬೇರೆ ಸಾಲುಗಳೂ ಬಂದರೆ ಒತ್ತಬೇಡಿ, ಫೋಟೋ ತೆಗೆದು ಇಲ್ಲಿ ಹಾಕಿ.

ಶಿಕ್ಷಕಿ: ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್‌ನಲ್ಲಿ ಯಾವ ಡಿಸ್ಕ್ ಜೋಡಿಸಬೇಕು, ತಪಾಸಿಸಬೇಕು ಅನ್ನೋ ಪಟ್ಟಿ) ಕೊನೆಯ ಅಂಕಿ 0 ಮಾಡಿದ್ರೆ ಈ ಕಾಟವೇ ಇರಲ್ಲ ಅಂತ ಒಬ್ಬರು ಹೇಳಿದರು. ಮಾಡಲಾ ಸರ್?

ಉತ್ತರ: ಬೇಡ ಮೇಡಂ, ದಯವಿಟ್ಟು. ಹಾಗೆ ಮಾಡಿದರೆ ನಿಜವಾಗಿ ಹಾನಿಯಾದ ದಿನವೂ ಯಾರೂ ನೋಡಲ್ಲ, ಅದೂ ಕರೆಂಟ್ ಕೈಕೊಡೋ ಊರಿನಲ್ಲಿ. ಸಡಿಲ ಮಾಡಬೇಕಾದ್ದು ಹೊತ್ತಿನ ತಪಾಸಣೆ ಒಂದನ್ನೇ. ಈಟಿಸಿ ಫೋಲ್ಡರಿನ ‘ಇ2ಎಫ್‌ಎಸ್‌ಸಿಕೆ ಡಾಟ್ ಕಾನ್ಫ್’ ಫೈಲಿನಲ್ಲಿ, ‘ಆಪ್ಷನ್ಸ್’ ವಿಭಾಗದ ಕೆಳಗೆ, ‘ಬ್ರೋಕನ್_ಸಿಸ್ಟಮ್_ಕ್ಲಾಕ್ = 1’ ಅಂತ ಇಂಗ್ಲಿಷಿನಲ್ಲಿ ಬರೆಯಿರಿ. ಇದು ಬ್ಯಾಟರಿ ಸಿಗೋವರೆಗೆ. ಸಿಆರ್2032 ಅಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪದ ಬಿಲ್ಲೆ. ವಾಚ್ ಅಂಗಡಿಯಲ್ಲೂ ಸಿಗುತ್ತೆ.

ಇನ್ನೊಬ್ಬ ಸದಸ್ಯರು: ತೋಟದಲ್ಲಿ ಹಳೇ ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಇಟ್ಟಿದ್ದೇನೆ, ಅದರಲ್ಲಿ ಬ್ಯಾಟರಿಯೇ ಇಲ್ಲವಲ್ಲ?

ಉತ್ತರ: ಪೈ 4ರವರೆಗೆ ಬೋರ್ಡಿನಲ್ಲಿ ಗಡಿಯಾರದ ಚಿಪ್ಪೇ ಇಲ್ಲ. ‘ಫೇಕ್-ಎಚ್‌ಡಬ್ಲ್ಯೂಕ್ಲಾಕ್’ ಅನ್ನೋ ಪ್ರೋಗ್ರಾಮ್ ತೆಗೆಯಬೇಡಿ, ಅದು ಆಗಾಗ ಹೊತ್ತನ್ನ ಫೈಲಿನಲ್ಲಿ ಬರೆದಿಟ್ಟು ಬೂಟ್‌ನಲ್ಲಿ ಅಲ್ಲಿಂದಲೇ ಶುರು ಮಾಡುತ್ತೆ. ಗಡಿಯಾರ 1970ಕ್ಕೆ ಹೋದರೆ ಇನ್ನೊಂದು ತೊಡಕಿದೆ. ಫೈಲ್ ಅಳಿಸಿದ ಹೊತ್ತು ಬರೆಯೋ ಜಾಗದಲ್ಲೇ ಎಕ್ಸ್ಟ್4 ಅನಾಥ ಫೈಲ್‌ಗಳ (ಅಳಿಸಿದ್ದರೂ ಪೂರ್ತಿ ತೆರವಾಗದವುಗಳ) ಸರಪಳಿಯ ಮುಂದಿನ ಐನೋಡ್ ಸಂಖ್ಯೆಯನ್ನೂ ಬರೆಯುತ್ತೆ. ಲಿನಕ್ಸ್ ಹೊತ್ತನ್ನ 1970ರಿಂದ ಸೆಕೆಂಡುಗಳಲ್ಲಿ ಎಣಿಸೋದರಿಂದ ಆಗಿನ ಹೊತ್ತು ಸಣ್ಣ ಸಂಖ್ಯೆ, ಐನೋಡ್ ಸಂಖ್ಯೆಯ ಹಾಗೇ ಕಾಣುತ್ತೆ. ಆಗ ಸರಪಳಿ ಕಡಿದಿದೆ ಅನ್ನೋ ಸುಳ್ಳು ದೂರು ಬರಬಹುದು. ಅಲ್ಲೂ ಮೇಲೆ ಹೇಳಿದ ‘ಬ್ರೋಕನ್_ಸಿಸ್ಟಮ್_ಕ್ಲಾಕ್’ ಸಾಲೇ ಮದ್ದು.

ಶಿಕ್ಷಕಿ: ಫಿಸಿಕ್ಸ್ ಲ್ಯಾಬಿನ ಮಲ್ಟಿಮೀಟರ್ ತಂದು ನೋಡಿದೆ ಸರ್. 3 ವೋಲ್ಟ್ ಇರಬೇಕಾದ ಬಿಲ್ಲೆಯಲ್ಲಿ 1.1 ಇದೆ. ಮೂರರಲ್ಲೂ ಅಷ್ಟೇ. ನಾಳೆ ಪೇಟೆಗೆ ಹೋಗಿ 8 ತರ್ತೇನೆ.