ಕುಕ್ಕರಲ್ಲೇ ಉಳಿದ ಅನ್ನದಲ್ಲಿ ಬೆಳಗ್ಗೆ ಚಿತ್ರಾನ್ನ ಮಾಡಬಹುದಾ?

ರೂಮ್ ನಂಬರ್ ಏಳು:
ರೂಮಲ್ಲಿ ಮೂರ್ ಜನ ಇದೀವಿ, ರಾತ್ರಿ ಕುಕ್ಕರ್ ಇಟ್ರೆ ಅನ್ನ ಮಿಕ್ಕೇ ಮಿಗುತ್ತೆ, ಅದನ್ನ ಹಾಗೇ ಮುಚ್ಚಿಟ್ಟು ಬೆಳಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡ್ಕೊಂಡು ಡ್ಯೂಟಿಗೆ ಹೋಗೋದು. ಈಗ ಹೊಸ ರೂಮ್‌ಮೇಟು ಇದು ಡೇಂಜರ್, ಫ್ರಿಜ್ಜಲ್ಲಿ ಇಡಲೇಬೇಕು ಅಂತಾನೆ. ವಾಸ್ನೆ ಇಲ್ಲ, ಅಂಟಂಟಾಗಿಲ್ಲ ಅಂದ್ರೆ ತಿನ್ನಬಹುದಲ್ವಾ? ಊರಲ್ಲಿ ತಂಗಳನ್ನ ತಿಂದೇ ಬೆಳ್ದಿರೋದು ನಾವು. ಹಾಗೇ ದೋಸೆ ಹಿಟ್ಟು, ಕಾಯಿ ಚಟ್ನಿ ಎಷ್ಟ್ ದಿನ ಬರುತ್ತೆ ಅಂತಾನೂ ಹೇಳಿ.

ಬಯಲುಸೀಮೆ ಹೈದ:
ಏನೂ ಆಗಲ್ಲ ಗುರೂ, ನಮ್ಮನೇಲಿ ದಿನಾ ಇದೇ. ಬಾಣಲೇಲಿ ಚೆನ್ನಾಗಿ ಬಿಸಿ ಮಾಡು, ಕ್ರಿಮಿ ಎಲ್ಲಾ ಸಾಯುತ್ವೆ.

ಮೈಕ್ರೋ ಓದಿದವಳು:
ಕ್ರಿಮಿ ಸಾಯಬಹುದು, ಅವು ಬಿಟ್ಟ ವಿಷ ಹೋಗಲ್ಲ ಅಣ್ಣಾ. ಅಕ್ಕೀಲಿ ಬ್ಯಾಸಿಲಸ್ ಸೆರೆಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ಇರ್ತವೆ, ಅನ್ನ ಬೆಂದ್ರೂ ಅವು ಉಳ್ಕೋತವೆ, ಆಮೇಲೆ ಅನ್ನ ಬೆಚ್ಚಗೆ ಕೂತಿದ್ರೆ ಬೆಳೆದು ವಿಷ ಮಾಡ್ತವೆ, ಅದು ಒಗ್ಗರಣೆ ಬಿಸಿಗೆ ಜಗ್ಗಲ್ಲ, ವಾಸನೇನೂ ಬರಬೇಕು ಅಂತಿಲ್ಲ. ತಿಂದು ಅರ್ಧ ಗಂಟೆಯಿಂದ 6 ಗಂಟೆ ಒಳಗೆ ವಾಂತಿ ಶುರು. 5ರಿಂದ 60 ಡಿಗ್ರಿ ಮಧ್ಯೆ ಅನ್ನ ಹೆಚ್ಚು ಹೊತ್ತು ಇರಬಾರದು, ಮುಚ್ಚಿದ ಕುಕ್ಕರ್ ನಿಧಾನಕ್ಕೆ ಆರೋದ್ರಿಂದ ಇನ್ನೂ ಕೆಟ್ಟದ್ದು. ಊಟ ಆದ ತಕ್ಷಣ ಅಗಲ ತಟ್ಟೇಲಿ ಹರಡಿ, ಒಂದು ಗಂಟೆ ಒಳಗೆ ಡಬ್ಬಿಗೆ ಹಾಕಿ ಫ್ರಿಜ್ಜಿಗಿಡಿ, ಮಾರನೇ ದಿನವೇ ಮುಗಿಸಿ. ತಂಗಳನ್ನಕ್ಕೆ ನೀರು ಹಾಕಿ ಹುಳಿ ಬರಿಸ್ತಿದ್ರು, ಹುಳಿ ಹೆಚ್ಚಾದ್ರೆ ಈ ಬ್ಯಾಕ್ಟೀರಿಯಾ ಬೆಳೆಯೋದು ಕಷ್ಟ. ಕುಕ್ಕರಲ್ಲಿ ಸುಮ್ನೆ ಕೂತ ಅನ್ನಕ್ಕೆ ಅದೂ ಇಲ್ಲ.

ಪಡ್ಡು ಆಂಟಿ:
ದೋಸೆ ಹಿಟ್ಟು ಉಬ್ಬಿದ ಕೂಡ್ಲೇ ಫ್ರಿಜ್ಜಿಗೆ ಇಡಪ್ಪಾ, ಮೂರ್ನಾಕು ದಿನ ಆರಾಮ, ಬೇಕಾದಷ್ಟೇ ಬೇರೆ ಪಾತ್ರೆಗೆ ತಕ್ಕೋಬೇಕು, ಇಡೀ ಪಾತ್ರೆ ದಿನಾ ಹೊರಗೆ ಒಳಗೆ ಮಾಡಬಾರದು. ಹುಳಿ ಜಾಸ್ತಿ ಆದ್ರೆ ಈರುಳ್ಳಿ ಮೆಣಸಿನಕಾಯಿ ಹಾಕಿ ಪಡ್ಡು ಮಾಡು, ಹುಳಿ ಇದ್ರೇನೇ ಪಡ್ಡು ಚೆಂದ. ಆದ್ರೆ ಮೇಲೆ ಕಪ್ಪೋ ಕೆಂಪೋ ಚುಕ್ಕಿ ಕಂಡ್ರೆ ಕೆರೆದು ತೆಗೆಯೋ ಬುದ್ಧಿವಂತಿಕೆ ಬೇಡ, ಪೂರ್ತಿ ಚೆಲ್ಲು. ಕಾಯಿ ಚಟ್ನಿ ಬೇಸಿಗೇಲಿ ಹೊರಗಿಟ್ರೆ ಮಧ್ಯಾಹ್ನಕ್ಕೇ ಹಳಸುತ್ತೆ, ಅವತ್ತಿಗೆ ಬೇಕಾದಷ್ಟೇ ರುಬ್ಬು. ಕಾಯಿ ತುರಿ ಮಿಕ್ಕರೆ ಫ್ರೀಜರ್‌ಗೆ ಹಾಕು. ಬೆಳಗ್ಗೆ ಅವಸರ ಅಂದ್ರೆ ಪುಳಿಯೋಗರೆ ಗೊಜ್ಜು ಮಾಡಿಟ್ಕೋ, ಹುಣಸೆಹಣ್ಣು ಎಣ್ಣೆ ಚೆನ್ನಾಗಿ ಬಿದ್ದಿರುತ್ತೆ, ಫ್ರಿಜ್ಜಲ್ಲಿ ವಾರಗಟ್ಟಲೆ ಕೆಡಲ್ಲ, ಬಿಸಿ ಅನ್ನಕ್ಕೆ ಕಲಸಿದ್ರಾಯ್ತು.

ರೂಮ್ ನಂಬರ್ ಏಳು:
ಥ್ಯಾಂಕ್ಸ್ ಆಂಟಿ, ಅಕ್ಕಾ. ರೂಮ್‌ಮೇಟಿಗೆ ಇದನ್ನ ತೋರಿಸಲ್ಲ, ಆಮೇಲೆ ತಲೆ ಮೇಲೆ ಕೂರ್ತಾನೆ. ನಮ್ಮ ಏರಿಯಾದಲ್ಲಿ ಕರೆಂಟ್ ಹೋಗ್ತಾನೇ ಇರುತ್ತೆ, ಆಗ ಫ್ರಿಜ್ಜಲ್ಲಿರೋದು?

ಮೈಕ್ರೋ ಓದಿದವಳು:
ಬಾಗಿಲು ತೆಗೀದೇ ಇದ್ರೆ ಸುಮಾರು 4 ಗಂಟೆ ತಣ್ಣಗಿರುತ್ತೆ. ಅದಕ್ಕಿಂತ ಹೆಚ್ಚು ಹೊತ್ತು ಹೋಯ್ತು ಅಂದ್ರೆ ಅನ್ನ, ಸಾರು, ಮಾಂಸ ಬಿಸಾಕಿ. ಉಪ್ಪಿನಕಾಯಿಗೇನೂ ಆಗಲ್ಲ.

ಬಯಲುಸೀಮೆ ಹೈದ:
ಇಷ್ಟೆಲ್ಲಾ ಯಾಕೆ, ಅರ್ಧ ಪಾವು ಅಕ್ಕಿ ಕಮ್ಮಿ ಹಾಕ್ರೋ.