ಕಾಫಿ ಪುಡಿ ಪ್ಯಾಕೆಟ್ ಮೇಲೆ ‘ಮಿಕ್ಸ್’ ಅಂತ ಹಾಕುವುದಾ, ‘ಬೆರೆಸಿದ್ದು’ ಅಂತ ಹಾಕುವುದಾ?

ಗೋಣಿಕೊಪ್ಪ ಪುಡಿ ಅಂಗಡಿ
ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು, ಆದರೆ ಮೂರು ದಿನದಿಂದ ತಲೆ ತಿನ್ನುತ್ತಿದೆ. ಮನೆಯ ಹಿಂದೆಯೇ ಕಾಫಿ ಬೀಜ ಹುರಿದು, ಪುಡಿ ಮಾಡಿ ಮಾರುವ ಸಣ್ಣ ಅಂಗಡಿ ನಮ್ಮದು. ಎರಡು ತರಹದ ಪುಡಿ ಇದೆ. ಒಂದು ಅರೇಬಿಕಾ, ರೋಬಸ್ಟಾ ಎರಡೂ ಜಾತಿಯ ಕಾಫಿ ಇರುವುದು. ಇನ್ನೊಂದರಲ್ಲಿ 80 ಭಾಗ ಕಾಫಿ, 20 ಭಾಗ ಚಿಕೋರಿ ಅನ್ನುವ ಬೇರಿನ ಪುಡಿ. ಪ್ಯಾಕೆಟ್‌ನ ಒಂದು ಬದಿಯಲ್ಲಿ ಕಾನೂನು ಕೇಳುವುದೆಲ್ಲ ಇಂಗ್ಲಿಷಿನಲ್ಲಿದೆ. ಇನ್ನೊಂದು ಬದಿ ಪೂರ್ತಿ ಕನ್ನಡದಲ್ಲಿರಲಿ ಅಂತ ನನ್ನ ಆಸೆ.

ತೊಡಕು ಇಲ್ಲಿದೆ. ಚಿಕೋರಿ ಪ್ಯಾಕೆಟ್‌ನ ಇಂಗ್ಲಿಷ್ ಸಾಲಿನಲ್ಲಿ ಮೊದಲು ‘ಬ್ಲೆಂಡೆಡ್’ ಅಂತ ಬರುತ್ತದೆ, ಅದರ ಮುಂದೆಯೇ ‘ಮಿಕ್ಸ್ಚರ್’ ಅಂತ ಬರುತ್ತದೆ. ಅಚ್ಚಿನವರು ಎರಡಕ್ಕೂ ‘ಮಿಶ್ರಣ’ ಅಂತ ಹಾಕಿ ಕಳಿಸಿದ್ದಾರೆ. ನಮ್ಮ ಅತ್ತೆ ‘ಬೆರಕೆ’ ಅಂತ ಬರಿ ಅಂದರು. ಮಗ ‘ಮಿಕ್ಸ್ ಅಂತಲೇ ಹಾಕಮ್ಮಾ, ಎಲ್ಲರಿಗೂ ಗೊತ್ತಾಗುತ್ತೆ’ ಅಂದ. ನೀವೇನು ಹೇಳುತ್ತೀರಿ?

ಮಡಿಕೇರಿ ಹುಡುಗ
ಅಕ್ಕಾ, ನಿಮ್ಮ ಮಗ ಹೇಳಿದ್ದು ಸರಿ. ಮಿಕ್ಸ್ ಈಗ ಕನ್ನಡದ್ದೇ ಪದ. ಅಡುಗೆಮನೆಯಲ್ಲಿ ಮಿಕ್ಸಿ, ಬೇಕರಿಯಲ್ಲಿ ಮಿಕ್ಸ್ಚರ್, ಮನೆ ಕಟ್ಟಿಸುವಾಗ ರೆಡಿಮಿಕ್ಸ್, ಮದುವೆ ಮನೆಯಲ್ಲಿ ರಿಮಿಕ್ಸ್ ಹಾಡು. ನಾನು ಹಾಡು ರೆಕಾರ್ಡ್ ಮಾಡುವ ಕೆಲಸದಲ್ಲಿದ್ದೇನೆ. ದಿನವಿಡೀ ಮಿಕ್ಸಿಂಗ್ ಅನ್ನುತ್ತೇವೆ. ಅದಕ್ಕೆ ಬೇರೆ ಪದ ಹುಡುಕುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಒಂದೇ ಪದ ಎಲ್ಲ ಕಡೆಗೂ ಆಗುತ್ತದೆ ಅಂದರೆ ಅದು ಅನುಕೂಲವೇ ಅಲ್ವಾ?

ಸಿದ್ದಾಪುರ ತೋಟ
ಎಲ್ಲ ಕಡೆಗೂ ಆಗುತ್ತದೆ ಅನ್ನುವುದೇ ನನಗೆ ತೊಂದರೆಯಾಗಿ ಕಾಣುತ್ತದೆ ತಮ್ಮಾ. ನೀನು ಮೊದಲು ಹೇಳಿದ ಮಿಕ್ಸಿಯನ್ನೇ ತಗೋ. ಅದರಲ್ಲಿ ನಾವು ಏನು ಮಾಡುತ್ತೇವೆ? ಚಟ್ನಿ ರುಬ್ಬುತ್ತೇವೆ, ಮೆಣಸು ಪುಡಿ ಮಾಡುತ್ತೇವೆ. ಬೆರೆಸುವ ಕೆಲಸಕ್ಕೆ ಅದನ್ನು ತೆಗೆಯುವುದು ಅಪರೂಪ. ಹೆಸರು ಬಂತು, ಅರ್ಥ ಬರಲಿಲ್ಲ.

ಕನ್ನಡದಲ್ಲಿ ಕೈ ಏನು ಮಾಡುತ್ತದೆ ಅನ್ನುವುದು ಪದದಲ್ಲೇ ಇರುತ್ತದೆ. ಅನ್ನಕ್ಕೆ ಸಾರು ಹಾಕಿ ಕಲಸುತ್ತೇವೆ. ಹಾಲಿಗೆ ನೀರು ಬೆರೆಸುತ್ತಾರೆ. ತಳದಲ್ಲಿ ಕೂತದ್ದನ್ನು ಕದಡುತ್ತೇವೆ. ಲೆಕ್ಕ ಕೂಡಿಸುತ್ತೇವೆ. ಸಾರಿಗೆ ಉಪ್ಪು ಸೇರಿಸುತ್ತೇವೆ. ಇಬ್ಬರ ನಡುವೆ ಜಗಳ ತಂದಿಟ್ಟರೆ ‘ಹಾಲಿಗೆ ಹುಳಿ ಹಿಂಡಿದ’ ಅನ್ನುತ್ತೇವೆ. ಇಷ್ಟಕ್ಕೂ ಮಿಕ್ಸ್ ಒಂದೇ ಸಾಕು ಅಂದರೆ ಉಳಿದ ಪದಗಳು ಮೊಮ್ಮಕ್ಕಳ ಬಾಯಿಗೆ ಬರುವುದೇ ಇಲ್ಲ.

ಪುಡಿ ಅಂಗಡಿ ಅಕ್ಕಾ, ‘ಬೆರಕೆ’ ಮಾತ್ರ ಹಾಕಬೇಡಿ. ಬೆರಕೆ ಅಂದ ಕೂಡಲೇ ಕಲಬೆರಕೆ ಅನ್ನಿಸುತ್ತದೆ. ಗಿರಾಕಿ ಓಡಿಹೋಗುತ್ತಾರೆ.

ಭಾಗಮಂಡಲ ಮನೆ
ಬೆರಕೆ ಕೆಟ್ಟ ಪದ ಅಂತ ಯಾರು ಹೇಳಿದರು? ನಾನು ಮೈಸೂರು ಕಡೆಯಿಂದ ಇಲ್ಲಿಗೆ ಮದುವೆಯಾಗಿ ಬಂದವಳು. ನಮ್ಮ ತವರಿನಲ್ಲಿ ಬೆರಕೆ ಸೊಪ್ಪಿನ ಸಾರು ಅಂದರೆ ಬಾಯಲ್ಲಿ ನೀರು ಬರುತ್ತದೆ. ಹೊಲದ ಬದುವಿನಲ್ಲಿ ಸಿಗುವ ನಾಲ್ಕೈದು ತರಹದ ಸೊಪ್ಪು ಒಟ್ಟಿಗೆ ಬೇಯಬೇಕು, ಆಗಲೇ ಆ ರುಚಿ. ಒಂದೇ ಸೊಪ್ಪು ಹಾಕಿದರೆ ‘ಇದೇನು, ಬರೀ ಒಂದೇ ಸೊಪ್ಪಾ’ ಅಂತ ಕೇಳುತ್ತಾರೆ. ಕಲಬೆರಕೆ ಕೆಟ್ಟದ್ದು, ಒಪ್ಪಿದೆ. ಅದು ಮೋಸ. ಬೆರಕೆಯಲ್ಲಿ ಮೋಸ ಇಲ್ಲ, ಎಲ್ಲರ ಕಣ್ಣೆದುರಿಗೇ ಇರುತ್ತದೆ.

ಸಿದ್ದಾಪುರ ತೋಟ
ಸೊಪ್ಪಿನ ಮಾತು ಒಪ್ಪಿದೆ ಅಮ್ಮಾ. ಆದರೆ ಸೊಪ್ಪು ಕಣ್ಣಿಗೆ ಕಾಣುತ್ತದೆ. ಪುಡಿಯಾದ ಮೇಲೆ ಕಾಫಿ ಯಾವುದು, ಚಿಕೋರಿ ಯಾವುದು ಅಂತ ಕಣ್ಣಿಗೆ ಕಾಣುವುದಿಲ್ಲವಲ್ಲ.

ಗೋಣಿಕೊಪ್ಪ ಪುಡಿ ಅಂಗಡಿ
ಕಾಣುತ್ತದೆ ಸರ್, ನೀರಿಗೆ ಹಾಕಿದರೆ. ಅಂಗಡಿಗೆ ಬಂದವರು ಅನುಮಾನಪಟ್ಟರೆ ನಾನು ಮಾಡಿ ತೋರಿಸುತ್ತೇನೆ. ಗಾಜಿನ ಲೋಟದಲ್ಲಿ ತಣ್ಣೀರು. ಮೇಲಿಂದ ಒಂದು ಚಿಟಿಕೆ ಪುಡಿ ಉದುರಿಸಿ, ಅಲ್ಲಾಡಿಸದೆ ಬಿಡಬೇಕು. ಕಾಫಿ ಮೇಲೇ ತೇಲುತ್ತದೆ. ಚಿಕೋರಿ ಸ್ವಲ್ಪ ಹೊತ್ತಿಗೆ ಇಳಿಯಲು ಶುರುಮಾಡುತ್ತದೆ. ಇಳಿಯುವಾಗ ಕಂದು ಬಣ್ಣದ ಎಳೆ ಬಿಡುತ್ತಾ ಹೋಗುತ್ತದೆ, ನೀರಿನಲ್ಲಿ ದಾರ ಬಿಟ್ಟ ಹಾಗೆ. ಚಿಕೋರಿ ಕಾಫಿಯ ಜಾತಿಯದ್ದೇ ಅಲ್ಲ. ಅದೊಂದು ಗಿಡದ ಬೇರು. ನಮ್ಮ ಕಡೆ ಬೆಳೆಯುವುದಿಲ್ಲ, ಗುಜರಾತ್, ಉತ್ತರ ಪ್ರದೇಶದ ಕಡೆಯಿಂದ ಬರುತ್ತದೆ. ಡಿಕಾಕ್ಷನ್‌ಗೆ ಕಪ್ಪು ಬಣ್ಣ, ದಪ್ಪ ಕೊಡುತ್ತದೆ. ಅದರಲ್ಲಿ ಕೆಫೀನ್ ಇಲ್ಲ.

ಕಾನೂನಿನಲ್ಲಿ 49 ಭಾಗದವರೆಗೆ ಚಿಕೋರಿ ಹಾಕಬಹುದು, ಕಾಫಿ 51 ಭಾಗಕ್ಕಿಂತ ಕಡಿಮೆ ಇರಬಾರದು. ಎಷ್ಟು ಹಾಕಿದ್ದೇವೆ ಅಂತ ಬರೆಯಲೇಬೇಕು. ಬರೆದು ಹಾಕಿದರೆ ವ್ಯಾಪಾರ, ಬರೆಯದೆ ಹಾಕಿದರೆ ಕಲಬೆರಕೆ. ಅದಕ್ಕೇ ಈ ಪದದ ಮೇಲೆ ಇಷ್ಟು ಯೋಚನೆ.

ಸೋಮವಾರಪೇಟೆ ಟೀಚರ್
ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅಕ್ಕ ಹೇಳಿದ ಲೋಟದ ಪ್ರಯೋಗವನ್ನು ನಾಳೆಯೇ ತರಗತಿಯಲ್ಲಿ ಮಾಡಿಸುತ್ತೇನೆ. ಪಾಠದಲ್ಲಿ ಮಿಶ್ರಣ ಬೇರೆ, ಸಂಯುಕ್ತ ಬೇರೆ. ಮಿಶ್ರಣದಲ್ಲಿ ಸೇರಿದ್ದೆಲ್ಲ ತನ್ನ ತನ್ನ ಗುಣ ಉಳಿಸಿಕೊಂಡಿರುತ್ತದೆ, ಬೇರೆ ಮಾಡಲು ಬರುತ್ತದೆ. ಸಂಯುಕ್ತದಲ್ಲಿ ಹೊಸ ವಸ್ತುವೇ ಹುಟ್ಟುತ್ತದೆ. ಹಾಗೆ ನೋಡಿದರೆ ನಿಮ್ಮ ಪುಡಿಗೆ ‘ಮಿಶ್ರಣ’ ಸರಿಯಾದ ಪದವೇ.

ಆದರೆ ತೋಟದವರು ಗಿಡದ ರೋಗಕ್ಕೆ ಹೊಡೆಯುವ, ದಿನವೂ ಅನ್ನುವ ಬೋರ್ಡೋ ಮಿಶ್ರಣ ಇದೆಯಲ್ಲ, ಅದು ಹೆಸರಿಗೆ ಮಾತ್ರ ಮಿಶ್ರಣ.

ಸಿದ್ದಾಪುರ ತೋಟ
ಹೇಗೆ ಟೀಚರೇ? ನಾನು ನಲವತ್ತು ವರ್ಷದಿಂದ ಬೋರ್ಡೋ ಮಾಡುತ್ತಿದ್ದೇನೆ. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಕಬ್ಬಿಣದ ಪಾತ್ರೆ ಕೂಡದು, ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯಬೇಕು, ಒಬ್ಬ ಕೋಲಿನಲ್ಲಿ ತಿರುಗಿಸುತ್ತಲೇ ಇರಬೇಕು. ಆಕಾಶದ ನೀಲಿ ಬರುತ್ತದೆ. ಆಮೇಲೆ ತಿಕ್ಕಿ ಹೊಳೆಯಿಸಿದ ಚಾಕು ಅದ್ದಿ ನೋಡುತ್ತೇವೆ. ಚಾಕಿನ ಮೇಲೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಮೆಣಸಿನ ಬಳ್ಳಿಗೆ ಸೊರಗು ರೋಗ ಬರದ ಹಾಗೆ ಮಳೆಗೆ ಮುಂಚೆ ಹೊಡೆಯುತ್ತೇವೆ. ಕಾಫಿಗೆ ಇದರ ಅರ್ಧ ಸಾಕು, ತುಕ್ಕು ರೋಗಕ್ಕೆ.

ಸೋಮವಾರಪೇಟೆ ಟೀಚರ್
ನಿಮ್ಮ ಮಾತಿನಲ್ಲೇ ಉತ್ತರ ಇದೆ ಸರ್. ಆ ನೀಲಿ ಸುಮ್ನೆ ಬಂದ ಬಣ್ಣ ಅಲ್ಲ. ತುತ್ತ, ಸುಣ್ಣ ಸೇರಿದ ಕೂಡಲೇ ರಾಸಾಯನಿಕ ಕ್ರಿಯೆ ನಡೆದು ನೀರಿನಲ್ಲಿ ಕರಗದ ತಾಮ್ರದ ಹೊಸ ವಸ್ತು ಆಗುತ್ತದೆ. ಅದಕ್ಕೇ ಎಲೆಗೆ ಅಂಟಿಕೊಂಡು ನಮ್ಮ ಮಳೆಯನ್ನೂ ತಡೆದುಕೊಳ್ಳುತ್ತದೆ. ಮತ್ತೆ ತುತ್ತ ಬೇರೆ, ಸುಣ್ಣ ಬೇರೆ ಮಾಡಿ ಕೊಡಿ ಅಂದರೆ ಆಗುವುದಿಲ್ಲ. ಚಾಕು ಕೆಂಪಾಗುವುದು ಅಂದರೆ ಕ್ರಿಯೆಗೆ ಸೇರದ ತುತ್ತ ಇನ್ನೂ ಉಳಿದಿದೆ ಅಂತ. ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಿ ತೋಟಗಳಿಂದ 1880ರ ದಶಕದಲ್ಲಿ ಬಂದ ಮದ್ದು ಅದು. ಇಂಗ್ಲಿಷಿನಲ್ಲಿ ಮಿಕ್ಸ್ಚರ್ ಅಂದರು, ನಾವು ಮಿಶ್ರಣ ಅಂದೆವು.

ಇನ್ನೊಂದು ಮಾತು. ‘ಮಿಕ್ಸ್ ಇಂಗ್ಲಿಷ್, ಮಿಶ್ರ ನಮ್ಮದು’ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಮಿಕ್ಸ್ ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಹೋದದ್ದು, ಮಿಶ್ರ ಸಂಸ್ಕೃತದಿಂದ ನಮಗೆ ಬಂದದ್ದು. ಎರಡರ ಬೇರು ಒಂದೇ, ದಾಯಾದಿಗಳು. ಬೆರೆ, ಕಲಸು, ಕೂಡು ಇವು ಕನ್ನಡದವು. ಕಲಸು ಪದದ ನಂಟರು ತಮಿಳು, ಮಲಯಾಳದಲ್ಲೂ ಇದ್ದಾರೆ.

ಕುಶಾಲನಗರ ಮೇಸ್ತ್ರಿ
ನಾನು ಗಾರೆ ಕೆಲಸದವನು. ನಮ್ಮಲ್ಲಿ ‘ಮಾಲು ಕಲಸು’ ಅಂತಲೇ ಹೇಳುವುದು. ಮಿಕ್ಸರ್ ಅನ್ನುವುದು ಮೆಷಿನ್‌ಗೆ ಮಾತ್ರ. ಮೊದಲು ಮರಳು, ಸಿಮೆಂಟ್ ಒಣದಾಗಿಯೇ ಕಲಸಬೇಕು, ಬಣ್ಣ ಒಂದೇ ಆಗುವವರೆಗೆ. ನೀರು ಆಮೇಲೆ. ಹೊಸ ಹುಡುಗರಿಗೆ ‘ಮಿಕ್ಸ್ ಮಾಡು’ ಅಂದರೆ ಎಲ್ಲ ಒಂದೇ ಸಲ ಸುರಿದು ಪೈಪ್ ಹಿಡಿಯುತ್ತಾರೆ. ‘ಒಣ ಕಲಸು’ ಅಂದರೆ ಸರಿಯಾಗಿ ಮಾಡುತ್ತಾರೆ. ಪದ ಸರಿ ಇದ್ದರೆ ಕೆಲಸ ಸರಿ ಆಗುತ್ತದೆ, ಇದು ನನ್ನ ಅನುಭವ.

ಒಂದು ಸಂಶಯ ಟೀಚರೇ. ಸಿಮೆಂಟಿಗೆ ನೀರು ಬಿದ್ದು ಗಟ್ಟಿಯಾದ ಮೇಲೆ ಅದೂ ಬೇರೆ ಆಗುವುದಿಲ್ಲ. ಅದೂ ಮಿಶ್ರಣ ಅಲ್ವಾ?

ಸೋಮವಾರಪೇಟೆ ಟೀಚರ್
ಒಣ ಕಲಸಿದಾಗ ಮಿಶ್ರಣ. ನೀರು ಬಿದ್ದ ಮೇಲೆ ಸಿಮೆಂಟಿನಲ್ಲಿ ಕ್ರಿಯೆ ಶುರು. ನಿಮ್ಮ ಪ್ರಶ್ನೆ ನನ್ನ ಮಕ್ಕಳು ಕೇಳಬೇಕಿತ್ತು!

ಮಡಿಕೇರಿ ಹುಡುಗ
ಎಲ್ಲರ ಮಾತೂ ಓದಿದೆ. ಗಾರೆ, ಅನ್ನ, ಹಾಲು ಇದಕ್ಕೆಲ್ಲ ನಮ್ಮ ಪದಗಳೇ ಚೆಂದ, ಒಪ್ಪುತ್ತೇನೆ. ಆದರೆ ನನ್ನ ಕೆಲಸಕ್ಕೆ ಯಾವುದು ಹೇಳಿ? ಹಾಡಿನಲ್ಲಿ ದನಿ ಒಂದು ಟ್ರ್ಯಾಕ್, ದುಡಿ ಅನ್ನುವ ಸಣ್ಣ ಚರ್ಮವಾದ್ಯ ಒಂದು ಟ್ರ್ಯಾಕ್, ಊದುವ ಕೊಂಬು ಒಂದು ಟ್ರ್ಯಾಕ್. ಯಾವುದು ಮುಂದೆ ಕೇಳಬೇಕು, ಯಾವುದು ಹಿಂದೆ ಇರಬೇಕು ಅಂತ ಏರಿಸಿ ಇಳಿಸಿ ಕೂರಿಸುತ್ತೇನೆ. ಬೆರೆಸುವುದು ಅಂದರೆ ಎಲ್ಲ ಕಲೆತು ಹೋದ ಹಾಗೆ ಕೇಳುತ್ತದೆ. ಮಿಕ್ಸಿಂಗ್‌ನಲ್ಲಿ ಯಾವುದೂ ಕಲೆತು ಹೋಗಬಾರದು. ದುಡಿಯ ಪೆಟ್ಟು ಒಂದೊಂದೂ ಬಿಡಿಯಾಗಿ ಕೇಳಬೇಕು. ಇದಕ್ಕೆ ಕನ್ನಡದಲ್ಲಿ ಪದ ಸಿಗುವವರೆಗೆ ನಾನು ಮಿಕ್ಸ್ ಬಿಡುವುದಿಲ್ಲ.

ಭಾಗಮಂಡಲ ಮನೆ
ನೀನೇ ಹೇಳಿದೆಯಲ್ಲ ಮಗಾ, ‘ಕೂರಿಸುತ್ತೇನೆ’ ಅಂತ. ಇಲ್ಲವೇ ‘ಹದ ಮಾಡುವುದು’ ಅನ್ನು. ಬಲವಂತ ಏನಿಲ್ಲ.

ಕೆಲವು ಕಡೆ ಮಿಕ್ಸ್ ಬಾಯಿಗೇ ಬರುವುದಿಲ್ಲ ನೋಡು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ತ್ರಿವೇಣಿ ಸಂಗಮ ಇದೆ. ಕಾವೇರಿಗೆ ಕನ್ನಿಕೆ ಸೇರುತ್ತಾಳೆ, ಸುಜ್ಯೋತಿ ಕಣ್ಣಿಗೆ ಕಾಣದ ಹಾಗೆ ಬಂದು ಕೂಡುತ್ತಾಳೆ ಅಂತ ನಂಬಿಕೆ. ಅಲ್ಲಿ ನಿಂತು ‘ಮೂರು ನದಿ ಮಿಕ್ಸ್ ಆಗುತ್ತೆ’ ಅಂತ ಯಾರಾದರೂ ಅಂದರೆ ನನಗೆ ಎದೆಗೆ ಚುಚ್ಚಿದ ಹಾಗಾಗುತ್ತದೆ.

ಕೊಡವ ಹಾಕಿ ಹಬ್ಬವನ್ನೂ ನೋಡು. 1997ರಲ್ಲಿ ಕರಡದಲ್ಲಿ ಶುರುವಾದದ್ದು. ಒಂದೊಂದು ಮನೆತನದ್ದು ಒಂದೊಂದು ತಂಡ. ಅದರಲ್ಲಿ ಗಂಡಸರ ಜೊತೆ ಹೆಂಗಸರೂ ಆಡುತ್ತಾರೆ. ಟೆನಿಸ್ ಆಗಿದ್ದರೆ ಮಿಕ್ಸೆಡ್ ಅನ್ನುತ್ತಿದ್ದರು. ಇಲ್ಲಿ ‘ಮನೆಯವರೆಲ್ಲ ಒಟ್ಟಿಗೆ ಆಡಿದರು’ ಅನ್ನುತ್ತಾರೆ, ಅಷ್ಟೇ.

ಸಿದ್ದಾಪುರ ತೋಟ
ಅಮ್ಮಾ, ನೀವು ಹೇಳಿದ್ದು ಕೇಳಿ ನಮ್ಮ ತಂದೆಯ ನೆನಪಾಯಿತು. 1956ರ ನವೆಂಬರ್ 1ರಂದು ಕೊಡಗು ರಾಜ್ಯ ಮೈಸೂರು ರಾಜ್ಯಕ್ಕೆ ಸೇರಿತು. ಪುಸ್ತಕಗಳಲ್ಲಿ ‘ವಿಲೀನ’ ಅಂತ ಬರೆಯುತ್ತಾರೆ. ತಂದೆ ಆ ಪದ ಬಳಸುತ್ತಿರಲಿಲ್ಲ. ‘ವಿಲೀನ ಅಂದರೆ ಉಪ್ಪು ನೀರಿಗೆ ಬಿದ್ದ ಹಾಗೆ, ಆಮೇಲೆ ಉಪ್ಪು ಕಾಣುವುದಿಲ್ಲ. ನಾವು ಕಾಣುತ್ತಿದ್ದೇವಲ್ಲ, ಸೇರಿದೆವು ಅನ್ನು’ ಅಂತ ತಿದ್ದುತ್ತಿದ್ದರು. ಸೇರುವುದು, ಬೆರೆಯುವುದು, ಕರಗುವುದು ಮೂರೂ ಬೇರೆ ಅಂತ ನನಗೆ ಗೊತ್ತಾಗಿದ್ದು ಆಗಲೇ.

ಕುಶಾಲನಗರ ಮೇಸ್ತ್ರಿ
ಹಾಗಾದರೆ ಅಕ್ಕನ ಎರಡು ಪುಡಿಗೂ ಎರಡು ಪದ ಬೇಕು ಅಂತಾಯಿತು. ಕಾಫಿಗೆ ಕಾಫಿ ಸೇರುವುದು ಬೇರೆ, ಕಾಫಿಗೆ ಬೇರಿನ ಪುಡಿ ಹಾಕುವುದು ಬೇರೆ.

ಮಡಿಕೇರಿ ಹುಡುಗ
ಮೇಸ್ತ್ರಿ ಅಣ್ಣ ಹೇಳಿದ್ದು ಸರಿಯಾಗಿದೆ. ಅಕ್ಕಾ, ಅರೇಬಿಕಾ ರೋಬಸ್ಟಾ ನೀವು ಒಟ್ಟಿಗೆ ಹುರಿಯುತ್ತೀರಾ?

ಗೋಣಿಕೊಪ್ಪ ಪುಡಿ ಅಂಗಡಿ
ಇಲ್ಲ ತಮ್ಮಾ, ಎಂದಿಗೂ ಇಲ್ಲ. ಎರಡೂ ಒಂದೇ ತರಹ ಹುರಿಯುವ ಬೀಜ ಅಲ್ಲ. ಒಟ್ಟಿಗೆ ಹಾಕಿದರೆ ಒಂದು ಹದಕ್ಕೆ ಬರುವಾಗ ಇನ್ನೊಂದು ಹಸಿಯಾಗಿಯೋ ಸೀದೋ ಇರುತ್ತದೆ. ಬೇರೆ ಬೇರೆ ಹುರಿದು, ಮೊರದಲ್ಲಿ ಹರಡಿ ಆರಿಸಿ, ಆಮೇಲೆ ತೂಕ ಮಾಡಿ ಸೇರಿಸುತ್ತೇನೆ. ಅರೇಬಿಕಾದ್ದು ಪರಿಮಳ, ಸ್ವಲ್ಪ ಹುಳಿ. ರೋಬಸ್ಟಾದ್ದು ಗಟ್ಟಿತನ, ಕಹಿ. ಕುಡಿದರೆ ಎರಡೂ ಗೊತ್ತಾಗಬೇಕು. ನಿನ್ನ ದುಡಿ, ಕೊಂಬಿನ ಹಾಗೆಯೇ.

ನಿಮ್ಮ ಮಾತೆಲ್ಲ ಅತ್ತೆಗೆ ಓದಿ ಹೇಳಿದೆ. ಬೆರಕೆ ಸೊಪ್ಪಿನ ವಿಷಯಕ್ಕೆ ಅವರಿಗೆ ತುಂಬಾ ಖುಷಿಯಾಯಿತು. ಆದರೂ ಪುಡಿಗೆ ಆ ಪದ ಬೇಡ ಅಂತ ಅವರೇ ಅಂದರು. ಕಾರಣ ಸಿದ್ದಾಪುರದ ಸರ್ ಹೇಳಿದ್ದೇ, ಪುಡಿ ಸೊಪ್ಪಿನ ಹಾಗೆ ಕಣ್ಣಿಗೆ ಕಾಣುವುದಿಲ್ಲ.

ಮೊದಲನೆಯ ಪ್ಯಾಕೆಟ್‌ಗೆ ಹೀಗೆ ಬರೆದೆ: ‘ಅರೇಬಿಕಾ, ರೋಬಸ್ಟಾ. ಬೇರೆ ಬೇರೆ ಹುರಿದು ಕೂಡಿಸಿದ ಕಾಫಿ ಪುಡಿ.’ ಎರಡನೆಯದಕ್ಕೆ: ‘ಚಿಕೋರಿ ಬೆರೆಸಿದ ಕಾಫಿ ಪುಡಿ. ಕಾಫಿ 80 ಭಾಗ, ಚಿಕೋರಿ 20 ಭಾಗ.’ ಮಿಶ್ರಣ ಎರಡರಲ್ಲೂ ತೆಗೆದಿದ್ದೇನೆ.

ಮಡಿಕೇರಿ ಹುಡುಗ
ಕೂಡಿಸಿದ! ಇದು ನನಗೆ ಹೊಳೆದೇ ಇರಲಿಲ್ಲ. ಆದರೆ ಅಂಗಡಿಗೆ ಬಂದವರು ‘ಯಾವ ಬ್ಲೆಂಡ್ ಇದೆ’ ಅಂತಲೇ ಕೇಳುತ್ತಾರೆ, ಅದನ್ನು ತಿದ್ದಲು ಹೋಗಬೇಡಿ ಅಕ್ಕಾ.

ಗೋಣಿಕೊಪ್ಪ ಪುಡಿ ಅಂಗಡಿ
ತಿದ್ದುವುದಿಲ್ಲ. ನಾನೂ ಬಾಯಲ್ಲಿ ಬ್ಲೆಂಡ್ ಅಂತಲೇ ಅನ್ನುವುದು. ಪ್ಯಾಕೆಟ್ ಮಾತ್ರ ಹೀಗಿರಲಿ.

ಸಿದ್ದಾಪುರ ತೋಟ
‘ಚಿಕೋರಿ ಬೆರೆಸಿದ’ ಅನ್ನುವುದು ‘ಕಾಫಿ ಪುಡಿ’ ಅನ್ನುವಷ್ಟೇ ದೊಡ್ಡ ಅಕ್ಷರದಲ್ಲಿ ಬರಲಿ ಅಕ್ಕಾ. ಕನ್ನಡಕ ಇಲ್ಲದೆ ಓದುವ ಹಾಗಿರಬೇಕು.

ಗೋಣಿಕೊಪ್ಪ ಪುಡಿ ಅಂಗಡಿ
ಈಗಷ್ಟೇ ಅಚ್ಚಿನವರಿಗೆ ಫೋನ್ ಮಾಡಿದೆ ಸರ್. ಒಂದೇ ಗಾತ್ರ, ಒಂದೇ ಸಾಲು.